ಕೈ ಹೋಯಿತು, ತುರಿಕೆ ಹೋಗಲಿಲ್ಲ

ಗಂಗಾವತಿಯ ಓದುಗರೊಬ್ಬರ ಪತ್ರ: ಅವರ ಕಾಕಾರ ಎಡಗೈ ರೈಸ್ ಮಿಲ್ಲಿನ ಬೆಲ್ಟಿಗೆ ಸಿಕ್ಕಿ ಹೋಯಿತು. ಆ ಕೈಯ ಬೆರಳು ಈಗಲೂ ತುರಿಸುತ್ತದಂತೆ. ಕ್ಷೌರದವರು ಎಡಗೆನ್ನೆಯ ಮೇಲೆ ಕತ್ತಿ ಆಡಿಸಿದರೆ ಇಲ್ಲದ ಹೆಬ್ಬೆರಳನ್ನು ಯಾರೋ ಸವರಿದ ಹಾಗಾಗುತ್ತದಂತೆ. ‘ದೇಹ ನಮ್ಮದಲ್ಲ, ಆತ್ಮ ಬೇರೆ, ಇದೇ ಸಾಕ್ಷಿ’ ಎಂದು ಪ್ರವಚನದಲ್ಲಿ ಕೇಳಿದರಂತೆ. ನಿಜವೇ?

ಉತ್ತರ: ಆತ್ಮದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಿರಿಯರು ಅದರ ಬಗ್ಗೆ ಬಹಳ ಯೋಚಿಸಿದ್ದಾರೆ. ಆದರೆ ಕಾಕಾರ ಹೆಬ್ಬೆರಳಿಗೆ ಅಷ್ಟು ದೂರ ಹೋಗಬೇಕಿಲ್ಲ. ಮಿದುಳಿನವರೆಗೆ ಹೋದರೆ ಸಾಕು.

ಮೈಯ ಯಾವ ಭಾಗದ ಸ್ಪರ್ಶ ಮಿದುಳಿನಲ್ಲಿ ಎಲ್ಲಿ ದಾಖಲಾಗುತ್ತದೆ ಅನ್ನುವ ನಕ್ಷೆಯನ್ನು ಕೆನಡಾದ ವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲೇ ತಯಾರಿಸಿದ್ದರು. ಅದರಲ್ಲಿ ಕೈಯ ಪಕ್ಕದಲ್ಲೇ ಮುಖದ ಜಾಗ. ತಮಿಳುನಾಡಿನಲ್ಲಿ ಹುಟ್ಟಿದ ಮಿದುಳು ವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕೈ ಕಳೆದುಕೊಂಡವರ ಕೆನ್ನೆಗೆ ಹತ್ತಿಕಡ್ಡಿ ಮುಟ್ಟಿಸಿ ನೋಡಿದರು. ಕೆಲವರಿಗೆ ಇಲ್ಲದ ಬೆರಳನ್ನೇ ಮುಟ್ಟಿದಂತಾಯಿತು. ಪಕ್ಕದ ಹೊಲದವನು ಬದು ಒತ್ತಿದ ಹಾಗೆ, ಖಾಲಿಬಿದ್ದ ಕೈಯ ಜಾಗಕ್ಕೆ ಮುಖ ನುಗ್ಗುತ್ತದೆ ಅನ್ನೋದು ಅವರ ವಾದ. ಈ ವಾದಕ್ಕೆ ತಕರಾರಿದೆ. ಕಾಕಾ ಸುಳ್ಳು ಹೇಳುತ್ತಿಲ್ಲ ಅನ್ನೋದಕ್ಕೆ ತಕರಾರಿಲ್ಲ.

ಕೈ ಇದ್ದವರ ಕಥೆಯೂ ಬೇರೆಯಲ್ಲ. 1998ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಬೋಟ್ವಿನಿಕ್ ಮತ್ತು ಕೋಹೆನ್ ಜನರ ಕೈಯನ್ನು ಪರದೆಯ ಮರೆಗೆ ಇಟ್ಟು, ಕಣ್ಣೆದುರು ರಬ್ಬರ್ ಕೈ ಇಟ್ಟರು. ಎರಡನ್ನೂ ಒಟ್ಟಿಗೇ ಕುಂಚದಿಂದ ಸವರಿದರು. ಸ್ವಲ್ಪ ಹೊತ್ತಿಗೆ ರಬ್ಬರ್ ಕೈಯೇ ತಮ್ಮದು ಅನ್ನಿಸತೊಡಗಿತು! ಎರಡು ಕುಂಚಗಳ ತಾಳ ತಪ್ಪಿದರೆ ಆ ಭಾವನೆಯೂ ಸಡಿಲ. ಕಣ್ಣು, ಚರ್ಮ ಎರಡೂ ಒಂದೇ ಸುದ್ದಿ ಕೊಟ್ಟರೆ ಮಿದುಳು ‘ಇದು ನನ್ನದು’ ಅಂತ ಒಪ್ಪಿಬಿಡುತ್ತದೆ. ನಮ್ಮ ಕೊಪ್ಪಳ ಸೀಮೆಯ ತೊಗಲುಗೊಂಬೆ ಆಟವನ್ನು ಒಮ್ಮೆ ಪರದೆಯ ಹಿಂದೆ ಕೂತು ನೋಡಿದ್ದೆ. ರಾವಣನ ತೋಳಿಗೆ ಬಾಣ ತಾಗಿದಾಗ ಗೊಂಬೆ ಆಡಿಸುತ್ತಿದ್ದ ಅಜ್ಜನ ಭುಜ ಸೆಟೆಯಿತು.

ನೀವು ಪ್ರವಚನವನ್ನು ಸಾಲು ಸಾಲಾಗಿ ಬರೆದಿದ್ದೀರಿ, ಸಂತೋಷ. ಆದರೆ ಕಾಕಾರಿಗೆ ನೋವಿದೆಯಾ? ನಿದ್ದೆ ಬರುತ್ತಾ? ಅದರ ಬಗ್ಗೆ ಒಂದಕ್ಷರ ಇಲ್ಲವಲ್ಲ! ನಮ್ಮ ಕಡೆ ಇದೇ ಹಣೆಬರಹ. ಮನೆಯವರು ತಾಯತ ಕಟ್ಟಿಸುತ್ತಾರೆ. ಡಾಕ್ಟರು ‘ಎಲ್ಲಾ ಸುಮ್ನೆ ಭ್ರಮೆ’ ಅಂತ ಗದರುತ್ತಾರೆ. ಶಿಬಿರದಲ್ಲಿ ಶಾಲು ಹೊದ್ದ ಗಣ್ಯರು ಪ್ಲಾಸ್ಟಿಕ್ ಕೈ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ವಾರದಲ್ಲಿ ಬೆಲ್ಟು ಉಜ್ಜಿ ಗಾಯವಾಗುತ್ತದೆ, ಆ ಕೈ ಗೋಡೆಯ ಗೂಟಕ್ಕೆ ಹೋಗುತ್ತದೆ. ಸರಿ ಕೂತಿತಾ ಅಂತ ಕೇಳಲು ಯಾರೂ ತಿರುಗಿ ಬರುವುದಿಲ್ಲ. ಮಿಲ್ಲಿನ ಬೆಲ್ಟಿಗೆ ಜಾಲರಿ ಹಾಕಿಸುವ ಮಾತಂತೂ ಬೇಡವೇ ಬೇಡ.

ರಾಮಚಂದ್ರನ್ ಅವರದೇ ಒಂದು ಕನ್ನಡಿ ಉಪಾಯ ಇದೆ. ಇರುವ ಕೈಯ ಪ್ರತಿಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುವಂತೆ ಕನ್ನಡಿ ನಿಲ್ಲಿಸಿ, ಮುಷ್ಟಿ ಬಿಚ್ಚಿ ಮಡಚುವುದು. ಕೆಲವರಿಗೆ ನೋವು ಇಳಿಯುತ್ತದೆ, ಎಲ್ಲರಿಗೂ ಅಲ್ಲ. ಫಿಜಿಯೋಥೆರಪಿ ಗೊತ್ತಿದ್ದವರನ್ನು ಕೇಳಿ. ಆಮೇಲೆ ಕಾಕಾರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದಂತೆ ಇನ್ನೊಂದು ಪತ್ರ ಬರೆಯಿರಿ. ಉದ್ದವಾದರೂ ಅಚ್ಚು ಹಾಕುತ್ತೇನೆ.

-ಸಂ.