ಮಣ್ಣಿನ ಮಗನ ಮೆರವಣಿಗೆಯಲ್ಲಿ ಗುಂಡು

ಪ್ರಶ್ನೆ: ಅಮೆರಿಕದ ಸಂಸದೆ ಲೂಸಿ ಮೆಕ್‌ಬಾತ್ ಮಗನನ್ನು ಗುಂಡಿಗೆ ಕಳೆದುಕೊಂಡು ರಾಜಕೀಯಕ್ಕೆ ಬಂದರಂತೆ. ನಮ್ಮ ಮುಖಂಡರೊಬ್ಬರೂ ‘ನಾನು ಈ ಮಣ್ಣಿನ ಮಗ, ಬಂದೂಕು ಸಂಸ್ಕೃತಿ ಬೇಡ’ ಅನ್ನುತ್ತಾರೆ. ಆದರೆ ಅವರ ಮೆರವಣಿಗೆಯಲ್ಲೇ ಒಬ್ಬ ಗಾಳಿಯಲ್ಲಿ ಗುಂಡು ಹಾರಿಸಿದ. ನಂಬೋದು ಹೇಗೆ ಸರ್?
– ಓದುಗ, ಕಾರಟಗಿ

ಉತ್ತರ: ಲೂಸಿಯವರು ಡೆಲ್ಟಾ ವಿಮಾನಗಳಲ್ಲಿ ಗಗನಸಖಿಯಾಗಿದ್ದವರು. 2012ರ ನವೆಂಬರ್‌ನಲ್ಲಿ ಫ್ಲಾರಿಡಾದ ಪೆಟ್ರೋಲ್ ಬಂಕೊಂದರಲ್ಲಿ ಅವರ ಮಗ ಗೆಳೆಯರ ಜೊತೆ ಕಾರಿನಲ್ಲಿ ಕೂತಿದ್ದ. ಹಾಡಿನ ಸದ್ದು ಜಾಸ್ತಿಯಾಯಿತೆಂದು ಪಕ್ಕದ ಕಾರಿನವನು ಜಗಳ ತೆಗೆದು ಗುಂಡು ಹಾರಿಸಿದ. ಹುಡುಗನಿಗೆ ಬರೀ 17 ವರ್ಷ. 2018ರಲ್ಲಿ ತಾಯಿ ಜಾರ್ಜಿಯಾದಿಂದ ಗೆದ್ದರು. ಹುಟ್ಟಿದ್ದು ಮಾತ್ರ ಇಲಿನಾಯ್‌ನಲ್ಲಿ. ಮಣ್ಣಿನ ಮಗಳು ಅನ್ನೋ ಲೆಕ್ಕ ಅಲ್ಲಿ ಅಡ್ಡ ಬರಲಿಲ್ಲ. 21 ವರ್ಷದೊಳಗಿನವರು ಬಂದೂಕು ಕೊಳ್ಳುವಾಗ ಹಿನ್ನೆಲೆ ತಪಾಸಣೆ ಬಿಗಿ ಮಾಡಿದ 2022ರ ಕಾನೂನಿಗೆ ಅವರ ವೋಟೂ ಇತ್ತು.

ಇನ್ನು ನಮ್ಮ ಕಡೆ. ನಾನು ಹತ್ತು ವರ್ಷದವನಿದ್ದಾಗ ಸಿಂಧನೂರು ಹತ್ತಿರದ ಹಳ್ಳಿಯಲ್ಲಿ ಸೋದರಮಾವನ ಮದುವೆ. ಬೀಗರ ಕಡೆಯ ಹಿರಿಯರೊಬ್ಬರು ಜೋಡಿನಳಿಗೆ ಬಂದೂಕು ತಂದಿದ್ದರು. ಹೊಲದ ಹಂದಿ ಓಡಿಸಲು ಲೈಸೆನ್ಸ್ ಪಡೆದದ್ದು. ಮೆರವಣಿಗೆ ಅಗಸಿ ದಾಟುವಾಗ ಒಂದು ಗುಂಡು ಹಾರಿಸಿಯೇಬಿಟ್ಟರು. ಸಿಳ್ಳೆಯೋ ಸಿಳ್ಳೆ. ಎತ್ತು ಬೆದರಿ ಬಂಡಿ ಚರಂಡಿಗೆ ಇಳಿಯಿತು, ಹೋಳಿಗೆ ಬುಟ್ಟಿ ಮಣ್ಣುಪಾಲು. ಯಾರಿಗೂ ಏನೂ ಆಗಲಿಲ್ಲವಲ್ಲ, ಹಾಗಾಗಿ ಮನೆಯಲ್ಲಿ ಈಗಲೂ ಅದನ್ನು ನಗುತ್ತಾ ಹೇಳುತ್ತೇವೆ. ನಾನೂ ಹೇಳಿದ್ದೇನೆ. ಇತ್ತೀಚೆಗೆ ಮೊಮ್ಮಗಳು ‘ಆ ಗುಂಡು ಎಲ್ಲಿ ಬಿತ್ತು ತಾತ?’ ಎಂದಳು. ನನಗೆ ಗೊತ್ತಿರಲಿಲ್ಲ.

2019ರ ತಿದ್ದುಪಡಿಯ ನಂತರ ಶಸ್ತ್ರಾಸ್ತ್ರ ಕಾಯ್ದೆ ಇದನ್ನು ತಮಾಷೆ ಅನ್ನುವುದಿಲ್ಲ. ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗುಂಡು ಯಾರಿಗಾದರೂ ತಗುಲಲೇಬೇಕು ಅಂತಿಲ್ಲ.

ನಿಮ್ಮ ಮುಖಂಡರ ಭಾಷಣ ಸುಮ್ನೆ ಬದಿಗಿಡಿ. ಹಾರಿಸಿದವನ ಹೆಸರನ್ನು ಅವರು ಠಾಣೆಗೆ ಕೊಟ್ಟರಾ? ಅವನು ಈಗಲೂ ಅವರ ಗಾಡಿಯ ಮುಂದಿನ ಸೀಟಿನಲ್ಲೇ ಕೂರುತ್ತಾನಾ? ಊರಿನವರು ನೀವು, ಇಷ್ಟು ನಿಮಗೇ ಗೊತ್ತಿರುತ್ತದೆ ಅಲ್ವಾ.

ಪ್ರಶ್ನೆ: ತೀರಿಕೊಂಡ ಅಪ್ಪನ ಹೆಸರಿನ ಬಂದೂಕು ಅಟ್ಟದ ಮೇಲಿದೆ. ಏನು ಮಾಡಲಿ?
– ಓದುಗಿ, ಮಾನ್ವಿ

ಉತ್ತರ: ತಡ ಮಾಡದೆ ಠಾಣೆಗೆ ಒಪ್ಪಿಸಿ ರಸೀದಿ ತಗೊಳ್ಳಿ ತಾಯಿ. ಇಟ್ಟುಕೊಳ್ಳಲೇಬೇಕಿದ್ದರೆ ನಿಮ್ಮ ಹೆಸರಿನ ಲೈಸೆನ್ಸ್‌ಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ. ಅಲ್ಲಿಯವರೆಗೆ ತಮ್ಮಂದಿರು ಅದನ್ನು ಹಿಡಿದು ಸ್ಟೇಟಸ್‌ಗೆ ಫೋಟೋ ಹಾಕದ ಹಾಗೆ ನೋಡಿಕೊಳ್ಳಿ.