ಮುತ್ಯಾನ ಕ್ಯಾಸೆಟ್‌ಗಳನ್ನು ಎಂಪಿ3 ಮಾಡುವ ಮೊದಲು

ಶಹಾಪುರದಿಂದ ನೀವು ಕೇಳಿರುವುದು ಇಷ್ಟು: ಮುತ್ಯಾ ಮತ್ತು ಅವರ ಭಜನಾ ಮೇಳದವರು ಹಾಡಿದ ತತ್ವಪದಗಳ ಕ್ಯಾಸೆಟ್‌ಗಳಿವೆ, ಊರ ಜಾತ್ರೆಯ ಡಿವಿಡಿಗಳಿವೆ, ಮೊಬೈಲ್‌ನಲ್ಲಿ ತೆಗೆದ ಕೆಲವು ವಿಡಿಯೊಗಳಿವೆ, ಎಲ್ಲವನ್ನೂ ಎಂಪಿ3, ಎಂಪಿ4 ಮಾಡಲು ಯಾವ ಕನ್ವರ್ಟರ್ ಕೊಳ್ಳಬೇಕು?

ಯಾವುದನ್ನೂ ಕೊಳ್ಳಬೇಡಿ. ಕಲಬುರಗಿಯಲ್ಲಿ ಮದುವೆ ವಿಡಿಯೊಗಳ ಎಡಿಟಿಂಗ್ ನನ್ನ ಕಸುಬು, ಹಳೆಯ ಟೇಪುಗಳೂ ಆಗಾಗ ನನ್ನ ಮೇಜಿಗೆ ಬರುತ್ತವೆ; ಆ ಅನುಭವದಿಂದಲೇ ಹೇಳುತ್ತಿದ್ದೇನೆ. ಕದ್ದ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ತಂದುಕೊಡುತ್ತೇನೆ ಎನ್ನುವ ಗೆಳೆಯನಿಗೂ ಬೇಡ ಎನ್ನಿ, ಅದರ ಜೊತೆಗೆ ವೈರಸ್ ಬರುವುದೇ ಹೆಚ್ಚು. ಧ್ವನಿಗೆ ಆಡಾಸಿಟಿ, ವಿಡಿಯೊಗೆ ಹ್ಯಾಂಡ್‌ಬ್ರೇಕ್, ನೋಡಲು ವಿಎಲ್‌ಸಿ. ಮೂರೂ ಉಚಿತ. ಹಣ ಕೇಳುವ ಎಷ್ಟೋ ಕನ್ವರ್ಟರ್‌ಗಳ ಹೊಟ್ಟೆಯಲ್ಲಿ ದುಡಿಯುತ್ತಿರುವುದು ಎಫ್‌ಎಫ್‌ಎಂಪೆಗ್, ಅಂದರೆ ಫಾಬ್ರಿಸ್ ಬೆಲ್ಲಾರ್ 2000ದಲ್ಲಿ ಆರಂಭಿಸಿದ ಉಚಿತ ತಂತ್ರಾಂಶ. ಹ್ಯಾಂಡ್‌ಬ್ರೇಕ್, ವಿಎಲ್‌ಸಿಗಳೂ ಅದರದೇ ಭಾಗಗಳನ್ನು ಬಳಸುತ್ತವೆ. ಬಣ್ಣದ ಗುಂಡಿಗಳಿಗಾಗಿ ಸಾವಿರಾರು ರೂಪಾಯಿ ಏಕೆ ಕೊಡಬೇಕು?

ತಂತ್ರಾಂಶಕ್ಕಿಂತ ಕೆಲಸದ ಕ್ರಮ ಮುಖ್ಯ. ಮೊದಲ ಪ್ರತಿಯಲ್ಲಿ ಏನೂ ಕಳೆದುಹೋಗಬಾರದು. ಎಂಪಿ3 ಆಮೇಲೆ ಅದರಿಂದ ಹುಟ್ಟಬೇಕು. ಕಿವಿ ಗಮನಿಸುವುದಿಲ್ಲ ಎಂದು ತಾನೇ ಲೆಕ್ಕ ಹಾಕಿದ ಭಾಗಗಳನ್ನು ಎಸೆದು ಎಂಪಿ3 ಕಡತವನ್ನು ಚಿಕ್ಕದು ಮಾಡುತ್ತದೆ. ಆಮೇಲೆ ಅದನ್ನೇ ವೇವ್ (ಧ್ವನಿಯನ್ನು ಸಂಕುಚಿಸದೆ ಇಡುವ) ಕಡತವಾಗಿ ಬದಲಿಸಿದರೆ ಗಾತ್ರ ಮಾತ್ರ ಹಿಗ್ಗುತ್ತದೆ. ಕಟಕ್ ರೊಟ್ಟಿಯನ್ನು ಎಷ್ಟು ಪುಡಿ ಮಾಡಿದರೂ ಜೋಳದ ಹಿಟ್ಟಾಗುವುದಿಲ್ಲವಲ್ಲ, ಹಾಗೆ. ಆದ್ದರಿಂದ ಆಡಾಸಿಟಿಯಲ್ಲಿ 48 ಕಿಲೊಹರ್ಟ್ಸ್, 24 ಬಿಟ್ ಇಟ್ಟುಕೊಂಡು ಮುದ್ರಿಸಿ, ಫ್ಲ್ಯಾಕ್ ಆಗಿ ಉಳಿಸಿ. ಸ್ಟೀರಿಯೊ ವೇವ್ ಆದರೆ ಒಂದು ಗಂಟೆಗೆ ಸುಮಾರು 1 ಜಿಬಿ ಬೇಕು. ಫ್ಲ್ಯಾಕ್ ಏನನ್ನೂ ಎಸೆಯದೆಯೇ ಅದಕ್ಕಿಂತ ಸಾಕಷ್ಟು ಕಡಿಮೆ ಜಾಗದಲ್ಲಿ ಕೂರುತ್ತದೆ. ಅದೇ ಒಂದು ಗಂಟೆ 128 ಕೆಬಿಪಿಎಸ್ ಎಂಪಿ3ಯಲ್ಲಿ 58 ಎಂಬಿಯಷ್ಟಾಗುತ್ತದೆ. ಬಂಧುಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಲು ಅದು ಸಾಕು.

ಕ್ಯಾಸೆಟ್ ಹಾಕುವ ಮೊದಲು ಟೇಪ್‌ರೆಕಾರ್ಡರ್ ಕಡೆ ಗಮನ ಕೊಡಿ. ಟೇಪಿಗೆ ತಾಗಿ ಧ್ವನಿ ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಆಗಲೂ ಧ್ವನಿ ಕಂಬಳಿ ಹೊದ್ದಂತೆ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂ ನೋಡಿ. ಮುತ್ಯಾ ಮುದ್ರಿಸಿದ ಯಂತ್ರದ ಹೆಡ್ ಯಾವ ಕೋನದಲ್ಲಿತ್ತೋ ನಿಮ್ಮದೂ ಅದೇ ಕೋನಕ್ಕೆ ಬರಬೇಕು. ಟೇಪ್ ಓಡುತ್ತಿರುವಾಗಲೇ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ, ತಾಳದ ಕಿಣಿಕಿಣಿ ಅತ್ಯಂತ ಸ್ಪಷ್ಟವಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಈ ಎರಡು ನಿಮಿಷದ ಕೆಲಸ ಕೊಡುವ ಲಾಭವನ್ನು ಯಾವ ಫಿಲ್ಟರ್ ಕೂಡ ಕೊಡಲಾರದು. ಲ್ಯಾಪ್‌ಟಾಪಿನ ಮೈಕ್ ರಂಧ್ರಕ್ಕೆ ನೇರವಾಗಿ ತಂತಿ ಸಿಕ್ಕಿಸಬೇಡಿ, ಅದು ಸಾಮಾನ್ಯವಾಗಿ ಮೊನೊ, ಧ್ವನಿಯೂ ಒಡೆಯುತ್ತದೆ. ಲೈನ್ ಇನ್ (ಟೇಪ್‌ರೆಕಾರ್ಡರ್‌ನಂಥ ಯಂತ್ರದ ಧ್ವನಿ ಒಳತೆಗೆದುಕೊಳ್ಳುವ ರಂಧ್ರ) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತೆಗೆದುಕೊಳ್ಳಿ. ನಿಮಗೆ ಆಗುವ ಖರ್ಚು ಅದೊಂದೇ. ಅತಿ ಜೋರಾದ ಕಡೆಯಲ್ಲೂ ಆಡಾಸಿಟಿಯ ಮೀಟರ್‌ನಲ್ಲಿ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ.

ಇನ್ನು ಎಲ್ಲರೂ ಮೊದಲು ಕೈ ಹಾಕುವ, ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಗುಂಡಿ: ನಾಯ್ಸ್ ರಿಡಕ್ಷನ್. ಅದು ಕೆಲಸ ಮಾಡುವ ಬಗೆ ಹೀಗೆ. ಗದ್ದಲ ಮಾತ್ರ ಇರುವ ಒಂದು ತುಣುಕನ್ನು ನೀವು ತೋರಿಸುತ್ತೀರಿ. ಆಡಾಸಿಟಿ ಅದರಲ್ಲಿ ಯಾವ ಯಾವ ಕಂಪನಗಳು ಎಷ್ಟೆಷ್ಟಿವೆ ಎಂದು ಅಳೆದುಕೊಂಡು, ಇಡೀ ಹಾಡಿನಲ್ಲಿ ಆ ಮಟ್ಟಕ್ಕಿಂತ ಕೆಳಗಿರುವುದನ್ನು ತಗ್ಗಿಸುತ್ತದೆ. ಸಿನಿಮಾ ಹಾಡಿಗೆ ಇದರಿಂದ ತೊಂದರೆ ಆಗದಿರಬಹುದು. ತತ್ವಪದದಲ್ಲಿ ಏಕತಾರಿ ಇದೆ. ಪದ ಶುರುವಾಗುವ ಮೊದಲೇ ಏಕತಾರಿ ಮೀಟಲು ಆರಂಭವಾಗಿರುತ್ತದೆ, ಪದ ಮುಗಿದ ಮೇಲೂ ನಿಂತಿರುವುದಿಲ್ಲ. ಎರಡು ಪದಗಳ ನಡುವಿನ ಬಿಡುವನ್ನು ಗದ್ದಲ ಎಂದು ತೋರಿಸಿದರೆ ತಂತ್ರಾಂಶ ಏಕತಾರಿಯನ್ನೇ ಗದ್ದಲ ಎಂದು ತಿಳಿದು ಇಡೀ ಕ್ಯಾಸೆಟ್‌ನಿಂದ ಒರೆಸಿಹಾಕುತ್ತದೆ. ಹಾಗೆ ‘ಸ್ವಚ್ಛ’ವಾದ ಪದಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ; ಹಾಡುವವರು ನೀರಿನೊಳಗಿಂದ ಹಾಡಿದಂತೆ ಕೇಳುತ್ತಾರೆ.

ಆದ್ದರಿಂದ ಮಾದರಿಯನ್ನು ಕ್ಯಾಸೆಟ್‌ನ ತೀರಾ ಆರಂಭದಿಂದ, ರೆಕಾರ್ಡ್ ಗುಂಡಿ ಒತ್ತಿ ಯಾರೂ ಇನ್ನೂ ಬಾಯಿ ತೆರೆಯದ, ತಂತಿ ಮುಟ್ಟದ ಆ ಒಂದೆರಡು ಸೆಕೆಂಡಿನಿಂದ ತೆಗೆದುಕೊಳ್ಳಿ. ಅಂಥ ಜಾಗ ಸಿಗದಿದ್ದರೆ ಆ ಗುಂಡಿಯ ತಂಟೆಗೇ ಹೋಗಬೇಡಿ. ಸಿಕ್ಕರೂ ತಗ್ಗಿಸುವ ಪ್ರಮಾಣವನ್ನು 6 ಡೆಸಿಬೆಲ್‌ನಿಂದ ಶುರು ಮಾಡಿ. ಅದೇ ಕಿಟಕಿಯಲ್ಲಿ ‘ರೆಸಿಡ್ಯೂ’ ಎಂಬ ಆಯ್ಕೆ ಇದೆ, ತೆಗೆದುಹಾಕಲಿರುವುದನ್ನು ಮಾತ್ರ ಅದು ಕೇಳಿಸುತ್ತದೆ. ಅದರಲ್ಲಿ ಮುತ್ಯಾನ ದನಿಯ ಸುಳಿವು ಸಿಕ್ಕರೆ ನೀವು ಮಿತಿ ಮೀರಿದ್ದೀರಿ ಎಂದೇ ಅರ್ಥ. ಕರೆಂಟಿನ ಗುಂಯ್ ಸದ್ದು ಬೇರೆ ವಿಷಯ. ನಮ್ಮಲ್ಲಿ ಅದು 50 ಹರ್ಟ್ಸ್ ಮತ್ತು ಅದರ ಮಡಿಗಳಾದ 100, 150ರಲ್ಲಿ ಕೂತಿರುತ್ತದೆ. 50ರಲ್ಲಿ ನಾಚ್ ಫಿಲ್ಟರ್ (ಒಂದೇ ಕಂಪನವನ್ನು ಕತ್ತರಿಸುವ ಸೋಸುಕ) ಧಾರಾಳವಾಗಿ ಹಾಕಬಹುದು. ಮೇಲಿನವುಗಳಲ್ಲಿ ಗಂಡು ದನಿಯ, ಏಕತಾರಿಯ ಸ್ವರಗಳೂ ಇರುವುದರಿಂದ ಕೇಳಿ ನೋಡಿ ನಿರ್ಧರಿಸಿ. ಇಷ್ಟೆಲ್ಲ ತಿದ್ದುವುದು ನಕಲಿನ ಮೇಲೆ. ಮೂಲ ಫ್ಲ್ಯಾಕ್ ಅನ್ನು ಮುಟ್ಟಬಾರದು. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳು ಪುಸ್ತಕದಲ್ಲಿ ಸಿಗುತ್ತವೆ. ನಿಮ್ಮೂರಿನ ಮೇಳ ಅವನ್ನು ಎತ್ತಿಕೊಳ್ಳುತ್ತಿದ್ದ ಧಾಟಿ ಈ ಟೇಪಿನಲ್ಲಿ ಮಾತ್ರ ಇರಬಹುದು.

ಡಿವಿಡಿಗಳನ್ನು ಕ್ಯಾಸೆಟ್‌ಗಿಂತ ಮೊದಲೇ ಮುಗಿಸಿ. ಕ್ಯಾಸೆಟ್ ನಿಧಾನವಾಗಿ ಮಂಕಾಗುತ್ತದೆ, ಬರೆದ ಡಿಸ್ಕ್ ಒಂದು ದಿನ ಇದ್ದಕ್ಕಿದ್ದಂತೆ ಓದುವುದನ್ನೇ ನಿಲ್ಲಿಸುತ್ತದೆ; ನಮ್ಮ ಬೇಸಿಗೆಯಲ್ಲಿ ತಗಡಿನ ಕೆಳಗಿನ ಅಲಮಾರಿನಲ್ಲಿದ್ದರೆ ಕೇಳುವುದೇ ಬೇಡ. ಮೊದಲು ಡಿಸ್ಕಿನ ಇಡೀ ಫೋಲ್ಡರನ್ನು ಹಾಗೆಯೇ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಅದೇ ಮೂಲ. ಆಮೇಲೆ ಆ ಫೋಲ್ಡರನ್ನು ಹ್ಯಾಂಡ್‌ಬ್ರೇಕ್‌ಗೆ ಕೊಡಿ, ವಿಡಿಯೊ ಸಂಕುಚಿಸುವ ವಿಧಾನ ಎಚ್.264, ಗುಣಮಟ್ಟದ ಅಂಕ ಆರ್‌ಎಫ್ 20ರ ಆಸುಪಾಸು. ತೇರು ಎಳೆಯುವಾಗ, ನಂದಿಕೋಲು ಕುಣಿಯುವಾಗ ಅಂಚುಗಳಲ್ಲಿ ಬಾಚಣಿಗೆಯಂಥ ಗೆರೆಗಳು ಕಂಡರೆ ಅದು ಇಂಟರ್‌ಲೇಸಿಂಗ್: ಒಂದು ಚೌಕಟ್ಟಿನಲ್ಲಿ ಎರಡು ಕ್ಷಣಗಳ ಅರ್ಧರ್ಧ ಚಿತ್ರ ಹೆಣೆದಿರುತ್ತದೆ. ಆ ಹೆಣಿಗೆ ಬಿಡಿಸುವ ಡಿಇಂಟರ್‌ಲೇಸ್ ಆಯ್ಕೆಯಲ್ಲಿ ಬಿಡಬ್ಲ್ಯುಡಿಐಎಫ್ (Bwdif) ಆರಿಸಿ, ‘ಬಾಬ್’ ಹಾಕಿದರೆ ಸೆಕೆಂಡಿಗೆ 50 ಚೌಕಟ್ಟುಗಳಾಗಿ ಚಲನೆ ನಯವಾಗುತ್ತದೆ. 720 ಗುಣಿಸು 576 ಗಾತ್ರದ ಚಿತ್ರವನ್ನು ಎಚ್‌ಡಿಗೆ ಹಿಗ್ಗಿಸುವ ಆಸೆ ಬಿಡಿ, ಹೊಸದಾಗಿ ಏನೂ ಕಾಣುವುದಿಲ್ಲ.

ಮೊಬೈಲ್ ವಿಡಿಯೊಗಳು ಬಹುಪಾಲು ಈಗಾಗಲೇ ಎಂಪಿ4 ಆಗಿಯೇ ಇರುತ್ತವೆ, ಬದಲಿಸುವ ಅಗತ್ಯವೇ ಇಲ್ಲ. ಆರಂಭವನ್ನೋ ಕೊನೆಯನ್ನೋ ಕತ್ತರಿಸಬೇಕಿದ್ದರೆ ಲಾಸ್‌ಲೆಸ್‌ಕಟ್ ಬಳಸಿ, ಅದು ಚಿತ್ರವನ್ನು ಮತ್ತೆ ಸಂಕುಚಿಸದೆ ಕತ್ತರಿಸುತ್ತದೆ. ಎಡಿಟಿಂಗ್‌ನಲ್ಲಿ ತುಟಿಯ ಚಲನೆಗೂ ಮಾತಿಗೂ ಹೊಂದದಿದ್ದರೆ, ಮೊಬೈಲ್ ಚೌಕಟ್ಟುಗಳ ವೇಗವನ್ನು ಏರಿಳಿಸಿರುವುದು ಕಾರಣವಿರಬಹುದು. ಹ್ಯಾಂಡ್‌ಬ್ರೇಕ್‌ನಲ್ಲಿ ‘ಕಾನ್‌ಸ್ಟೆಂಟ್ ಫ್ರೇಮ್‌ರೇಟ್’ ಆರಿಸಿದರೆ ಸರಿಹೋಗುತ್ತದೆ.

ನಿಮ್ಮ ಟೇಪ್‌ರೆಕಾರ್ಡರ್‌ನ ಹಿಂಭಾಗದಲ್ಲಿ ಕೆಂಪು-ಬಿಳಿ ರಂಧ್ರಗಳಿವೆಯೋ ಅಥವಾ ಹೆಡ್‌ಫೋನ್ ರಂಧ್ರ ಮಾತ್ರ ಇದೆಯೋ ತಿಳಿಸಿ, ಯಾವ ತಂತಿ ತರಬೇಕೆಂದು ಹೇಳುತ್ತೇನೆ.