ಬ್ಯಾಟರಿ ಪೂರ್ತಿ ಇಳಿದಿದೆ, ಬಾನೆಟ್ ಏಳುತ್ತಿಲ್ಲ. ಹೊರಗಿನಿಂದ ಕರೆಂಟ್ ಕೊಟ್ಟು ತೆರೆಯಬಹುದೇ?

ಕೊಡಲು ಹೋಗಬೇಡಿ. ತಿಂಗಳಿಗಿಂತ ಹೆಚ್ಚು ನಿಂತ ಕಾರು, ಸತ್ತ ರಿಮೋಟ್, ಲಿವರ್ ಎಳೆದರೂ ಏಳದ ಬಾನೆಟ್ ಎಂದು ನೀವು ಬರೆದಿರುವುದೆಲ್ಲ ನನಗೆ ಚೆನ್ನಾಗಿ ಗೊತ್ತಿರುವ ಕಥೆ. ಬ್ಯಾಟರಿ ಇಳಿದಿದ್ದರಿಂದಲೇ ಬಾನೆಟ್ ತೆರೆಯುತ್ತಿಲ್ಲ ಎಂದು ನೀವು ತೀರ್ಮಾನಿಸಿಬಿಟ್ಟಿದ್ದೀರಿ. ಅದೇ ತಪ್ಪು. ನಮ್ಮಲ್ಲಿ ಓಡಾಡುವ ಸಾಮಾನ್ಯ ಕಾರುಗಳ ಬಾನೆಟ್‌ಗೆ ಕರೆಂಟ್ ಬೇಕಾಗಿಯೇ ಇಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನ ಲಿವರ್‌ನಿಂದ ರೇಡಿಯೇಟರ್ ಮೇಲಿನ ಚಿಲಕದವರೆಗೆ ಹೋಗಿರುವುದು ಕೊಳವೆಯೊಳಗಿನ ಒಂದು ಉಕ್ಕಿನ ತಂತಿ, ಸೈಕಲ್ ಬ್ರೇಕಿನ ಜಾತಿಯದ್ದು. ಅದು ಎಳೆದರೆ ಬರುತ್ತದೆ, ಇಲ್ಲವೇ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ತುಂಡಾಗಿರುತ್ತದೆ. ಈ ಮೂರರಲ್ಲಿ ಯಾವುದಕ್ಕೂ ಬ್ಯಾಟರಿ ಹೊಣೆಯಲ್ಲ.

ನಮ್ಮದು ಸಾಗರದ ಕಡೆಯ ಹಳ್ಳಿ. ಕಾರು ಗುಂಡಿ ಒತ್ತಿ ಚಾಲೂ ಮಾಡುವ ಹ್ಯಾಚ್‌ಬ್ಯಾಕ್. ಆಷಾಢದ ಮಳೆಯಲ್ಲಿ ಅಷ್ಟು ದೂರ ಓಡಿಸಿಕೊಂಡು ಹೋಗುವುದು ಬೇಡವೆಂದು ಅಪ್ಪಯ್ಯ ಹಟ ಹಿಡಿದಿದ್ದರಿಂದ ಅದನ್ನು ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ಬಿಟ್ಟು ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಚೌತಿಗೆ ಬಂದು ರಿಮೋಟ್ ಒತ್ತಿದರೆ ಇಂಡಿಕೇಟರ್ ಮಿಟುಕಲೂ ಇಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ನಿಂತ ಕಾರು ಕೂಡ ಕರೆಂಟ್ ಕುಡಿಯುತ್ತಲೇ ಇರುತ್ತದೆ: ಅಲಾರಂ, ಗಡಿಯಾರ, ರಿಮೋಟಿನ ಸಂಕೇತಕ್ಕಾಗಿ ಹಗಲೂ ರಾತ್ರಿ ಕಿವಿ ತೆರೆದು ಕೂತಿರುವ ರಿಸೀವರ್. ಎಲ್ಲ ಸೇರಿ 30 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ, ದಿನಕ್ಕೆ ಹತ್ತಿರ ಹತ್ತಿರ ಮುಕ್ಕಾಲು ಆಂಪಿಯರ್-ಗಂಟೆ ಖರ್ಚು. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಹೊಸದಾಗಿದ್ದರೂ ಏಳು ವಾರ ದಾಟುವುದು ಕಷ್ಟ. ನಮ್ಮದು ಹಳೆಯದು ಬೇರೆ.

ಬಾಗಿಲು ಹೇಗೆ ತೆರೆಯಬೇಕೆಂಬುದು ನಿಮಗೆ ಗೊತ್ತಿರಬಹುದು, ಆದರೂ ಹೇಳಿಬಿಡುತ್ತೇನೆ. ರಿಮೋಟಿನ ಪಕ್ಕದಲ್ಲಿ ಸಣ್ಣದೊಂದು ಗುಂಡಿಯಿರುತ್ತದೆ. ಅದನ್ನು ಸರಿಸಿದರೆ ಒಳಗಿನಿಂದ ಲೋಹದ ಕೀಲಿ ಹೊರಬರುತ್ತದೆ. ಚಾಲಕನ ಬಾಗಿಲಿನ ಹಿಡಿಯಲ್ಲಿ ಅದಕ್ಕೆ ತೂತಿದೆ. ಕೆಲವು ಕಾರುಗಳಲ್ಲಿ ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳವಿದ್ದು, ಮೀಟಿ ತೆಗೆಯಬೇಕು. ನಮ್ಮ ತೂತಿಗೆ ಕಣಜದ ಹುಳು ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಅಮ್ಮನ ಹೇರ್‌ಪಿನ್ನಿನಿಂದ ಆ ಮಣ್ಣನ್ನು ಕೆರೆದು ತೆಗೆದ ಮೇಲೆ ಕೀಲಿ ತಿರುಗಿತು. ಕೀಲಿ ಬಿಗಿಯಾಗಿದ್ದರೆ ಬಲ ಹಾಕಬೇಡಿ, ತೆಳ್ಳನೆಯ ತಗಡು, ಬಾಗಿಬಿಡುತ್ತದೆ.

ಒಳಗೆ ಕುಳಿತು ಬಾನೆಟ್ ಲಿವರ್ ಎಳೆದೆ. ಗಟ್ಟಿಯಾಗಿತ್ತು, ಸ್ವಲ್ಪ ಬಂದು ನಿಂತಿತು. ಬಾನೆಟ್ ಅಲುಗಲಿಲ್ಲ. ನನ್ನ ತರ್ಕ ಹಳಿ ತಪ್ಪಿದ್ದು ಇಲ್ಲಿ. ರಿಮೋಟ್ ಸತ್ತಿದೆ, ಗುಂಡಿ ಸತ್ತಿದೆ, ಹಿಂದಿನ ಡಿಕ್ಕಿಯ ಬಾಗಿಲು ಒತ್ತಿದರೆ ತೆರೆಯುತ್ತಿಲ್ಲ (ಅದರ ಬೀಗ ನಿಜಕ್ಕೂ ವಿದ್ಯುತ್ತಿನದು), ಹಾಗಾದರೆ ಬಾನೆಟ್ ಕೂಡ ಅದೇ ಸಾಲಿನದು ಎಂದುಕೊಂಡೆ. ಆ ಹೊತ್ತಿಗೆ ಹಬ್ಬದ ಶುಭಾಶಯ ಹೇಳಲು ಕ್ಯಾಲಿಫೋರ್ನಿಯಾದಿಂದ ಭಾವ ಫೋನ್ ಮಾಡಿದರು. ವಿಷಯ ಕೇಳಿದ್ದೇ ತಡ, "ಮುಂದಿನ ಬಂಪರ್‌ನಲ್ಲಿ ಒಂದು ಮುಚ್ಚಳ ಇರುತ್ತದೆ ನೋಡು, ಅದರ ಹಿಂದೆ ಕೆಂಪು ತಂತಿ, ಕಪ್ಪು ತಂತಿ. ಹನ್ನೆರಡು ವೋಲ್ಟ್ ಕೊಟ್ಟರೆ ಬಾನೆಟ್ ತಾನಾಗಿ ಏಳುತ್ತದೆ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಅವರ ಟೆಸ್ಲಾ ಮಾಡೆಲ್ 3ರಲ್ಲಿ ವ್ಯವಸ್ಥೆ ಇರುವುದೇ ಹಾಗೆ. ಅದರ ಮುಂದಿನ ಮುಚ್ಚಳದ ಚಿಲಕ ವಿದ್ಯುತ್ತಿನದು. ಪೋರ್ಷೆಯ ಕೆಲವು ಕಾರುಗಳಲ್ಲೂ ಬ್ಯಾಟರಿ ಇರುವುದು ಮುಂದಿನ ಮುಚ್ಚಳದ ಕೆಳಗೆ, ಮುಚ್ಚಳದ ಚಿಲಕ ಬ್ಯಾಟರಿಯನ್ನೇ ನಂಬಿಕೊಂಡಿರುತ್ತದೆ. ಅದಕ್ಕಾಗಿಯೇ ಕಾಲಿಡುವ ಜಾಗದ ಫ್ಯೂಸ್ ಪೆಟ್ಟಿಗೆಯಲ್ಲಿ ಹೊರಗಿನ ಬ್ಯಾಟರಿ ಜೋಡಿಸಲು ಎಳೆದು ತೆಗೆಯುವ ಕೆಂಪು ತುದಿಯೊಂದನ್ನು ಇಟ್ಟಿರುತ್ತಾರೆ. ನೀವು ಓದಿರುವ 'ಹೊರಗಿನಿಂದ ಕರೆಂಟ್ ಕೊಡುವ' ಉಪಾಯ ಇಂಥ ಕಾರುಗಳದ್ದೇ ಇರಬೇಕು.

ನಮ್ಮ ಬಂಪರ್‌ನ ಮುಚ್ಚಳ ಮೀಟಿ ನೋಡಿದೆ. ಕಾರನ್ನು ಎಳೆಯಲು ಕೊಂಡಿ ತಿರುಪುವ ತೂತಿತ್ತು, ಅದರೊಳಗೊಂದು ಜೇಡ. ತಂತಿ ಎಲ್ಲಿಂದ ಬರಬೇಕು? ಪಕ್ಕದ ಮನೆಯ ಹುಡುಗ ಇನ್ನೊಂದು ದಾರಿ ತೋರಿಸಿದ: ಮೊಬೈಲ್ ಚಾರ್ಜ್ ಮಾಡುವ ಸಾಕೆಟ್‌ಗೆ ಬೇರೆ ಬ್ಯಾಟರಿಯಿಂದ ಕರೆಂಟ್ ತಿರುಗಿಸಿ ಹರಿಸುವುದು. ಕಾರು ಚಾಲೂ ಇಲ್ಲದಾಗ ಅನೇಕ ಕಾರುಗಳಲ್ಲಿ ಆ ಸಾಕೆಟ್ಟಿನ ಸಂಪರ್ಕವೇ ಕಡಿದಿರುತ್ತದೆ, ಕಡಿಯದಿರುವ ಕಾರುಗಳಲ್ಲಿ ಬಲವಂತ ಮಾಡಿದರೆ ಫ್ಯೂಸ್ ಸುಡಬಹುದು. ಹೀಗೆ ಬೆಳಗ್ಗೆಯೆಲ್ಲ ಕಳೆಯಿತು. ಕೊನೆಗೆ ಸಿಟ್ಟು ನೆತ್ತಿಗೇರಿ, ಒಂದು ಕಾಲನ್ನು ಬಾಗಿಲಿನ ಚೌಕಟ್ಟಿಗೆ ಒತ್ತಿ ಹಿಡಿದು, ಎರಡೂ ಕೈಯಿಂದ ಲಿವರ್ ಜಗ್ಗಿದೆ. ಡ್ಯಾಶ್‌ಬೋರ್ಡಿನ ಆಚೆ ಎಲ್ಲೋ ಪಟ್ ಎಂದಿತು. ಲಿವರ್ ಸಡಿಲವಾಗಿ ಕೈಗೆ ಬಂತು.

ಈ ಒಂದು ಜಗ್ಗು ಏಕೆ ದುಬಾರಿಯಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಕೇಳಿಸಿಕೊಳ್ಳಿ, ಏಕೆಂದರೆ ನೀವೂ ಈಗ ಅದೇ ಲಿವರ್ ಮುಂದೆ ಕುಳಿತಿದ್ದೀರಿ. ಬಾನೆಟ್‌ನ ಮುಂಭಾಗದಲ್ಲಿ ಒಂದು ಕಬ್ಬಿಣದ ಬಳೆ ಇದೆ. ಮುಚ್ಚಿದಾಗ ಚಿಲಕದ ಕೊಕ್ಕೆ ಅದನ್ನು ಕಚ್ಚಿ ಹಿಡಿಯುತ್ತದೆ. ಬಾನೆಟ್ ಗಡಗಡಿಸದಿರಲೆಂದು ಎರಡೂ ಬದಿಗೆ ರಬ್ಬರ್ ಗುಬುಟುಗಳಿರುತ್ತವೆ; ಅವು ಬಾನೆಟ್ಟನ್ನು ಸದಾ ಮೇಲಕ್ಕೆ ನೂಕುತ್ತಿರುತ್ತವೆ. ಜೊತೆಗೆ ಸ್ಪ್ರಿಂಗ್ ಕೂಡ. ಅಂದರೆ ಆ ಬಳೆ ಕೊಕ್ಕೆಗೆ ಯಾವಾಗಲೂ ಬಿಗಿಯಾಗಿ ಒತ್ತಿಕೊಂಡಿರುತ್ತದೆ. ಗ್ರೀಸ್ ಹಸಿಯಾಗಿದ್ದಾಗ ಇದು ಲೆಕ್ಕಕ್ಕಿಲ್ಲ, ತಂತಿ ಎಳೆದೊಡನೆ ಕೊಕ್ಕೆ ಜಾರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಗ್ರೀಸ್ ಧೂಳು ಹಿಡಿದು ಮೇಣದಂತಾಗಿ, ಕೊಕ್ಕೆಯ ಅಚ್ಚಿಗೆ ತುಕ್ಕು ಬಂದಿರುತ್ತದೆ. ಆಗ ನೀವು ಎಷ್ಟು ಬಲವಾಗಿ ಎಳೆದರೂ ಆ ಬಲವೆಲ್ಲ ಬೀಳುವುದು ತೆಳ್ಳನೆಯ ತಂತಿಯ ಮೇಲೆ. ಕೊಕ್ಕೆ ಸೋಲುವ ಮೊದಲು ತಂತಿ ಸೋಲುತ್ತದೆ. ಮಾಡಬೇಕಾದದ್ದು ಇದರ ತದ್ವಿರುದ್ಧ: ಒಬ್ಬರು ಬಾನೆಟ್‌ನ ಮುಂದಿನ ಅಂಚಿನ ನಡುಮಧ್ಯೆ, ಚಿಲಕದ ನೇರಕ್ಕೆ, ಎರಡೂ ಅಂಗೈಯಿಂದ ಕೆಳಕ್ಕೆ ಒತ್ತಿ ಹಿಡಿಯಬೇಕು. ಬಳೆ ಕೆಳಗಿಳಿದು ಕೊಕ್ಕೆಯ ಮೇಲಿನ ಭಾರ ಹೋಗುತ್ತದೆ. ಅದೇ ಹೊತ್ತಿಗೆ ಒಳಗಿರುವವರು ಲಿವರ್‌ನ್ನು ಮೆಲ್ಲಗೆ ಎಳೆಯಬೇಕು. ಅಷ್ಟೇ. ಬಹಳಷ್ಟು ಬಾನೆಟ್‌ಗಳು ಇದಕ್ಕೇ ಬಗ್ಗುತ್ತವೆ. ಬಗ್ಗದಿದ್ದರೆ ಗ್ರಿಲ್ಲಿನ ಸಂದಿಯಿಂದ ಚಿಲಕದ ಮೇಲೆ ತುಕ್ಕು ಬಿಡಿಸುವ ಎಣ್ಣೆಯನ್ನು ಉದ್ದ ನಳಿಕೆಯಿಂದ ಸಿಂಪಡಿಸಿ, ಊಟ ಮುಗಿಸಿಕೊಂಡು ಬಂದು ಮತ್ತೆ ಒತ್ತಿ ಎಳೆಯಿರಿ.

ಪೇಟೆಯಿಂದ ಮೆಕ್ಯಾನಿಕ್ ಮಳೆಯಲ್ಲಿ ನೆನೆದುಕೊಂಡು ಬೈಕಿನಲ್ಲಿ ಬಂದ. ತಂತಿ ಚಿಲಕದ ಬುಡದಲ್ಲೇ ಕಡಿದಿದ್ದರಿಂದ ಲಿವರ್ ಕಡೆಯಿಂದ ಇಕ್ಕಳ ಹಾಕಿ ಎಳೆದೂ ಪ್ರಯೋಜನವಿರಲಿಲ್ಲ. ಗ್ರಿಲ್ ಬಿಚ್ಚಲು ಹೋದ. ಬಿಸಿಲು ಮಳೆಗೆ ಒಣಗಿದ ಪ್ಲಾಸ್ಟಿಕ್ ಕ್ಲಿಪ್ಪುಗಳು ಒಂದೊಂದಾಗಿ ಚಟಚಟ ಮುರಿದವು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿ ಕೊಕ್ಕೆಯ ಬಾಲವನ್ನು ಪಕ್ಕಕ್ಕೆ ನೂಕುತ್ತಾ, "ಯಜಮಾನರೇ, ಮೇಲಿನಿಂದ ಸ್ವಲ್ಪ ಅದುಮಿ" ಎಂದ. ಅಪ್ಪಯ್ಯ ಅದುಮಿದರು. ಟಕ್ ಎಂದು ಬೆರಳಗಲ ಎದ್ದಿತು. "ಎಳೆಯುವುದಕ್ಕೆ ಮೊದಲು ಇಷ್ಟು ಮಾಡಿದ್ದರೆ ನಾನು ಬರುವುದೇ ಬೇಕಿರಲಿಲ್ಲ ಸಾರ್" ಎಂದು ನನ್ನ ಕಡೆ ನೋಡಿದ. ಅಪ್ಪಯ್ಯನ ಎದುರಿಗೇ ಹೇಳಬೇಕಿರಲಿಲ್ಲ. ಕೇಬಲ್ಲಿನ ಬೆಲೆ ನೂರುಗಳ ಲೆಕ್ಕ, ಗ್ರಿಲ್ಲಿನದು ಸಾವಿರಗಳ ಲೆಕ್ಕ.

ನಿಮ್ಮ ಲಿವರ್ ಗಟ್ಟಿಯಾಗಿದೆಯೋ ಜೋಲಾಡುತ್ತಿದೆಯೋ ನೀವು ಬರೆದಿಲ್ಲ. ಗಟ್ಟಿಯಾಗಿದ್ದರೆ ನಿಮ್ಮ ಅದೃಷ್ಟ, ಮೇಲೆ ಹೇಳಿದಂತೆ ಒತ್ತಿ ಎಳೆಯಿರಿ. ಜೋಲಾಡುತ್ತಿದ್ದರೆ ಮೊದಲು ಲಿವರ್‌ನ ಹಿಂದೆ ತಂತಿಯ ತುದಿ ಕಾಣುತ್ತದೆಯೇ ನೋಡಿ. ಅನೇಕ ಸಲ ಪ್ಲಾಸ್ಟಿಕ್ ಹಿಡಿ ಮಾತ್ರ ಮುರಿದಿರುತ್ತದೆ, ಇಕ್ಕಳದಿಂದ ಆ ತುದಿ ಹಿಡಿದು ಎಳೆದರೆ ಸಾಕು. ತುದಿ ಹಿಡಿದರೂ ತಂತಿ ಹಾಗೆಯೇ ಹೊರಬಂದರೆ ಗ್ಯಾರೇಜಿನವರನ್ನು ಕರೆಯಿರಿ. ಆದರೆ ಗ್ರಿಲ್ಲಿಗೆ ಕೈ ಹಾಕುವ ಮೊದಲು ಮುಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿ ಅಲ್ಲಿಂದ ಕೇಬಲ್ ಸಿಗುತ್ತದೆಯೇ, ಅಥವಾ ಕೆಳಗಿನಿಂದ ಚಿಲಕಕ್ಕೆ ಕೈ ಎಟುಕುತ್ತದೆಯೇ ನೋಡಲು ಹೇಳಿ. ನೀವೇ ಗ್ರಿಲ್ಲಿನೊಳಗೆ ಸ್ಕ್ರೂಡ್ರೈವರ್ ಆಡಿಸುವ ಸಾಹಸ ಬೇಡ, ಹಿಂದೆಯೇ ಎಸಿಯ ಕಂಡೆನ್ಸರ್ ಇದೆ, ತೂತಾದರೆ ಗ್ಯಾಸೆಲ್ಲ ಹೋಗುತ್ತದೆ.

ಇನ್ನೊಂದು ವಿಷಯ. ಬಾನೆಟ್ ತೆರೆದ ಮೇಲೆ ಕಾರು ಚಾಲೂ ಮಾಡಲು ಬೇರೆ ಬ್ಯಾಟರಿಯಿಂದ ಕರೆಂಟ್ ತರುವ ಜಂಪರ್ ಕೇಬಲ್ ಡಿಕ್ಕಿಯಲ್ಲಿದ್ದರೆ, ಡಿಕ್ಕಿ ತೆರೆಯುವುದಿಲ್ಲ ಎಂದು ಎದೆಗುಂದಬೇಡಿ. ಹಿಂದಿನ ಸೀಟು ಮಡಚಿ ಒಳಗಿನಿಂದ ತೂರಿಕೊಂಡು ಹೋಗಿ ತೆಗೆಯಬಹುದು. ಹೊಟ್ಟೆ ಇರುವವರಿಗೆ ಸ್ವಲ್ಪ ಕಷ್ಟ. ಜೋಡಿಸುವಾಗ ಮೊದಲು ಎರಡೂ ಬ್ಯಾಟರಿಗಳ ಧನ ತುದಿ, ನಂತರ ಒಳ್ಳೆಯ ಬ್ಯಾಟರಿಯ ಋಣ ತುದಿ, ಕೊನೆಯ ಕ್ಲಿಪ್ಪನ್ನು ಸತ್ತ ಬ್ಯಾಟರಿಗೆ ಹಾಕದೆ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ಹಾಕಿ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಕಿಡಿ ಹತ್ತಿರ ಬೇಡ. ಕರೆಂಟ್ ಬಂದೊಡನೆ ಅಲಾರಂ ಕಿರುಚಬಹುದು, ರಿಮೋಟಿನ ತೆರೆಯುವ ಗುಂಡಿ ಒತ್ತಿದರೆ ಸುಮ್ಮನಾಗುತ್ತದೆ.

ಬಾನೆಟ್ ಒಮ್ಮೆ ತೆರೆದ ಮೇಲೆ ಬ್ಯಾಟರಿಗಿಂತ ಮೊದಲು ಚಿಲಕಕ್ಕೆ ಗ್ರೀಸ್ ಹಚ್ಚಿ. ಮುಂದೆ ಕಾರನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೆ ಹತ್ತು ಮಿಲಿಮೀಟರ್ ಸ್ಪ್ಯಾನರಿನಿಂದ ಬ್ಯಾಟರಿಯ ಋಣ ತುದಿ ಬಿಚ್ಚಿಟ್ಟು ಹೋಗಿ. ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ, ಆದ್ದರಿಂದ ಲೋಹದ ಕೀಲಿಯಿಂದಲೇ ಬಾಗಿಲು ಹಾಕಿ, ಆ ಕೀಲಿ ಕಾರಿನೊಳಗೆ ಉಳಿಯದಂತೆ ನೋಡಿಕೊಳ್ಳಿ.